ತೊಟ್ಟಿಯ ಹವಳ ಗುರುತಿಸಲು ಬಣ್ಣ ಬಿಡಿ, ಎಳೆ ಎಣಿಸಿ

ಉಪ್ಪುನೀರಿನ ಅಕ್ವೇರಿಯಂ ತೊಟ್ಟಿಯಲ್ಲಿ ಬಣ್ಣ ನಂಬಿ ಹವಳಕ್ಕೆ ಹೆಸರಿಡಬೇಡಿ. ನೀಲಿ ಎಲ್‌ಇಡಿಯಲ್ಲಿ ಹಸಿರಾಗಿ ಹೊಳೆಯುವುದೇ ಬಿಳಿ ಬೆಳಕಿನಲ್ಲಿ ಕಂದಾಗಿ ಕಾಣಬಹುದು. ಬೆಳಕು, ನೀರಿನ ನೈಟ್ರೇಟ್ ಬದಲಾದರೆ ಕೆಲವು ವಾರಗಳಲ್ಲಿ ಬಣ್ಣವೂ ಬದಲಾಗುತ್ತದೆ.

ಪಂಪ್ ಹತ್ತು ನಿಮಿಷ ನಿಲ್ಲಿಸಿ, ಬಿಳಿ ದೀಪ ಹಾಕಿ, ಕ್ಯಾಮೆರಾವನ್ನು ಗಾಜಿಗೆ ನೇರವಾಗಿ ಹಿಡಿದು ಹತ್ತಿರದ ಫೋಟೊ ತೆಗೆಯಿರಿ, ಓರೆಯಾದರೆ ಮಸುಕಾಗುತ್ತದೆ. ಪಾಲಿಪ್ (ಹವಳದ ಒಂದೊಂದು ಪುಟ್ಟ ಜೀವಿ) ಅರಳಿದಾಗ ಒಂದು, ಮುಚ್ಚಿದಾಗ ಒಂದು ಬೇಕು. ರಾತ್ರಿ ಅರಳುವವನ್ನು ದೀಪ ಆರಿ ಒಂದು ಗಂಟೆಯಾದ ಮೇಲೆ ಕೆಂಪು ಟಾರ್ಚ್‌ನಲ್ಲಿ ನೋಡಿ.

ಈಗ ಬಾಯಿಯ ಸುತ್ತಲಿನ ಎಳೆಗಳನ್ನು ಎಣಿಸಿ. ಎಂಟಿದ್ದು, ಅಂಚಿನಲ್ಲಿ ಗರಿಯಂಥ ಕವಲುಗಳಿದ್ದರೆ ಅದು ಬಹುತೇಕ ಮೆದು ಹವಳ: ಜೀನಿಯಾ, ಸಾರ್ಕೊಫೈಟನ್, ಗ್ರೀನ್ ಸ್ಟಾರ್ ಪಾಲಿಪ್. ಉದ್ದ ಕಾಂಡದ ಹೂವಿನಂತೆ ಅರಳುವ ಎರಡನ್ನು ಎಣಿಕೆಯೇ ಬೇರ್ಪಡಿಸುತ್ತದೆ: 24 ಎಳೆಯಾದರೆ ಗೋನಿಯೊಪೊರಾ, 12 ಆದರೆ ಆಲ್ವಿಯೊಪೊರಾ. ಗಟ್ಟಿ ಎಲುಬಿಲ್ಲದೆ, ಬಾಯಿಯ ಸುತ್ತಲಿನ ತಟ್ಟೆಯ ಅಂಚಿಗೆ ಮಾತ್ರ ಎರಡು ಸಾಲು ಎಳೆಗಳಿದ್ದರೆ ಜೋವಾಂಥಿಡ್. ಇವುಗಳಲ್ಲಿ ಕೆಲವು ಪಾಲಿಟಾಕ್ಸಿನ್ ಎಂಬ ಘೋರ ವಿಷ ಹೊಂದಿವೆ. ಕೈಗವಸು, ಕನ್ನಡಕ ಇಲ್ಲದೆ ಮುಟ್ಟಬೇಡಿ. ಅವು ಅಂಟಿದ ಕಲ್ಲನ್ನು ಎಂದೂ ಕುದಿಸಬೇಡಿ.

ಹೆಚ್ಚು ಜನ ಎಡವುವುದು ಟಾರ್ಚ್, ಹ್ಯಾಮರ್, ಫ್ರಾಗ್‌ಸ್ಪಾನ್ ಎಂಬ ಹವಳಗಳಲ್ಲಿ. ಕವಲೊಡೆಯುವ ಬಗೆಗಳಲ್ಲಿ ಮೂರರ ಎಲುಬೂ ಒಂದೇ ಥರ, ಆದ್ದರಿಂದ ಪೂರ್ತಿ ಅರಳಿದಾಗ ಎಳೆಯ ತುದಿಯನ್ನೇ ನೋಡಬೇಕು. ಉದ್ದ ಎಳೆಯ ತುದಿಗೆ ಒಂದೇ ಗುಂಡು ಇದ್ದರೆ ಟಾರ್ಚ್. ತುದಿ ಲಂಗರಿನಂತೆ ಅಡ್ಡಕ್ಕೆ ಹರಡಿದ್ದರೆ ಹ್ಯಾಮರ್. ಎಳೆಯ ಪಕ್ಕದಿಂದಲೂ ಗುಬುಟುಗಳು ಒಡೆದಿದ್ದರೆ ಫ್ರಾಗ್‌ಸ್ಪಾನ್. 2017ರಲ್ಲಿ ಹ್ಯಾಮರ್, ಫ್ರಾಗ್‌ಸ್ಪಾನ್‌ಗಳನ್ನು ಯೂಫಿಲಿಯಾದಿಂದ ಫಿಂಬ್ರಿಯಾಫಿಲಿಯಾ ಕುಲಕ್ಕೆ ಸರಿಸಿದರು. ತೊಟ್ಟಿಯಲ್ಲೂ ಈ ವ್ಯತ್ಯಾಸ ಮುಖ್ಯ: ಇವೆರಡೂ ಸಾಮಾನ್ಯವಾಗಿ ಒಂದಕ್ಕೊಂದು ತಾಗಿ ಬದುಕುತ್ತವೆ, ಟಾರ್ಚ್ ಎರಡನ್ನೂ ಕುಟುಕಿ ಸುಡುತ್ತದೆ. ಟಾರ್ಚ್‌ನ ಸುತ್ತ 15 ಸೆಂ.ಮೀ. ಜಾಗ ಬಿಡಿ.

ಉಂಡೆಯಾಗಿ ಬೆಳೆಯುವ ಕಲ್ಲು ಹವಳದಲ್ಲಿ (ಗಟ್ಟಿ ಎಲುಬಿನದು) ಪಾಲಿಪ್ ಕೂರುವ ಬಟ್ಟಲುಗಳ ಗೋಡೆ ನೋಡಿ. ಅಕ್ಕಪಕ್ಕದ ಎರಡಕ್ಕೂ ಒಂದೇ ಗೋಡೆಯಾದರೆ ಫೇವೈಟಿಸ್. ನಡುವೆ ಗೀರು ಕಂಡರೆ, ಅಂಗಡಿಯವರು ಇನ್ನೂ ಫೇವಿಯಾ ಎನ್ನುವ ಡಿಪ್ಸಾಸ್ಟ್ರಿಯಾ.

ಕಲ್ಲು ಹವಳಗಳೆಲ್ಲ ಭಾರತದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ನೇತ್ರಾಣಿಯಿಂದಾಗಲಿ ಲಕ್ಷದ್ವೀಪದಿಂದಾಗಲಿ ಕಿತ್ತು ತಂದ ತುಂಡನ್ನು ಯಾರೇ ಕೊಟ್ಟರೂ ಕೊಳ್ಳಬೇಡಿ.

ರೆಂಬೆಯ ತುದಿಯಲ್ಲಿ ಒಂದು ದೊಡ್ಡ ಬಟ್ಟಲು, ಪಕ್ಕಗಳಲ್ಲಿ ಚಿಕ್ಕವು ಇದ್ದರೆ ಅಕ್ರೊಪೊರಾ. ತುದಿಬಟ್ಟಲೇ ಇಲ್ಲದೆ ಸೂಜಿಮೊನೆಯಷ್ಟು ಪಾಲಿಪ್‌ಗಳಿದ್ದರೆ ಮಾಂಟಿಪೊರಾ ಇರಬಹುದು. ಅಕ್ರೊಪೊರಾದ ಪ್ರಭೇದ ಹೇಳಲು ಮಾಂಸ ತೆಗೆದ ಎಲುಬನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಜೀವಂತ ತುಂಡಿನ ಚೀಟಿಯಲ್ಲಿ ಕುಲದ ಹೆಸರಷ್ಟೇ ಬರೆಯಿರಿ.