ಅಡ್ಡಮಳೆಗೆ ಬಿದ್ದ ಅಳಿಲು ಮರಿಯನ್ನು ತಾಯಿಗೆ ಸೇರಿಸುವುದು ಹೇಗೆ?

ಧಾರವಾಡದ ಕಡೆ ಮೇ ತಿಂಗಳ ಅಡ್ಡಮಳೆ ಅಂದರೆ ಮೊದಲು ಗಾಳಿ, ಆಮೇಲೆ ಮಳೆ. ಕೆಲಗೇರಿಯ ನಮ್ಮ ತೋಟದಲ್ಲಿ ಮರುದಿನ ಉದುರಿದ ಆಪೂಸ್ ಆರಿಸುವ ಮುಂಚೆ ನಾನು ಪ್ರತಿ ಗಿಡದ ಬುಡ ನೋಡುತ್ತೇನೆ. ಹುಲ್ಲು, ನಾರು, ಹತ್ತಿ, ಹಳೇ ಅರಿವೆಯ ಚೂರು ಮುದ್ದೆಯಾಗಿ ಬಿದ್ದಿದ್ದರೆ ಅದು ಅಳಿಲಿನ ಗೂಡು. ಕಾಲಿನಿಂದ ಸರಿಸಬೇಡಿ, ಕೈಯಿಂದ ಮೆಲ್ಲಗೆ ಬಿಡಿಸಿ. ಒಂದು ಮರಿ ಸಿಕ್ಕರೆ ಸುತ್ತಲೂ ಹುಡುಕಿ. ಸಾಮಾನ್ಯವಾಗಿ ಎರಡು ಮೂರು ಇರುತ್ತವೆ.

ಮರಿಗೆ ಮೊದಲು ಬೇಕಾದ್ದು ಬಿಸುಪು. ಮೈಮೇಲೆ ಕೂದಲಿಲ್ಲದ, ಕಣ್ಣು ಬಿಡದ ಮರಿ ತನ್ನ ಮೈಯನ್ನು ತಾನೇ ಬೆಚ್ಚಗಿಟ್ಟುಕೊಳ್ಳಲಾರದು. ಬಾಟಲಿಗೆ ಬಿಸಿನೀರು ತುಂಬಿ, ದಪ್ಪ ಅರಿವೆ ಸುತ್ತಿ, ಮಗ್ಗುಲಿಗೆ ಇಡಿ. ಮುಟ್ಟಿದರೆ ಹಿತವಾಗಿರಬೇಕು, ಸುಡಬಾರದು. ಮೈ ತಣ್ಣಗಿರುವಾಗ ಬಾಯಿಗೆ ಏನೂ ಹಾಕಬೇಡಿ, ಹೊಟ್ಟೆ ಅರಗಿಸುವುದಿಲ್ಲ. ನೀರಿನ ಹನಿ ಕೂಡ ಶ್ವಾಸಕೋಶಕ್ಕೆ ಇಳಿಯಬಹುದು. ಆಕಳ ಹಾಲು ಕುಡಿಸಿದರೆ ಭೇದಿ ಶುರುವಾಗುತ್ತದೆ. ಜನ ಪ್ರೀತಿಯಿಂದಲೇ ಕುಡಿಸುತ್ತಾರೆ, ಮರಿ ಅದರಿಂದಲೇ ಸಾಯುತ್ತದೆ. ಇದನ್ನು ನೋಡಿದಾಗೆಲ್ಲ ನನಗೆ ಬಹಳ ಸಂಕಟವಾಗುತ್ತದೆ.

ಮೈ ಬೆಚ್ಚಗಾದ ಮೇಲೆ ಒಂದು ಸಣ್ಣ ಬುಟ್ಟಿ ತಗೊಳ್ಳಿ. ಬಿದ್ದ ಗೂಡಿನ ನಾರು ಒಣಗಿದ್ದರೆ ಅದನ್ನೇ ಹಾಸಿ, ತಾಯಿಯ ವಾಸನೆ ಅದರಲ್ಲಿರುತ್ತದೆ. ಅದೇ ಗಿಡಕ್ಕೆ, ನೆರಳಿರುವ ಕವಲಿಗೆ ಸುತಳಿಯಿಂದ ಗಟ್ಟಿಯಾಗಿ ಕಟ್ಟಿ. ಮೇಲೆ ಮುಚ್ಚಬೇಡಿ.

ಆಮೇಲೆ ದೂರ ಹೋಗಿ. ಕಾಗೆ, ಬೆಕ್ಕು ಬಂದರೆ ಓಡಿಸುವಷ್ಟು ದೂರ ಸಾಕು. ಹತ್ತಿರವೇ ನಿಂತರೆ ತಾಯಿ ಬಾಲ ಕುಣಿಸುತ್ತ ಚಿಕ್ ಚಿಕ್ ಅಂತ ಕೂಗುತ್ತಲೇ ಇರುತ್ತದೆ, ಕೆಳಗೆ ಇಳಿಯುವುದಿಲ್ಲ. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಅನ್ನುತ್ತಾರಲ್ವಾ, ಅದು ಸುಳ್ಳು. ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು, ಒಂದೊಂದಾಗಿ ಬೇರೆ ಗೂಡಿಗೆ ಒಯ್ಯುತ್ತದೆ.

ಇದೆಲ್ಲ ಹಗಲಲ್ಲೇ ಆಗಬೇಕು. ಯುರೋಪಿನ ಡಾರ್ಮೌಸ್ ಅನ್ನುವ ಅಳಿಲಿನಂಥ ಸಣ್ಣ ಪ್ರಾಣಿ ರಾತ್ರಿ ಓಡಾಡುತ್ತದೆ, ಚಳಿಗಾಲದಲ್ಲಿ ತಿಂಗಳುಗಟ್ಟಲೆ ಮಲಗಿಬಿಡುತ್ತದೆ. ನಮ್ಮ ಅಳಿಲು ವರ್ಷವಿಡೀ ಚುರುಕು, ಆದರೆ ಕತ್ತಲಾದರೆ ಹೊರಗೆ ಬರುವುದಿಲ್ಲ. ಹಾಗಾಗಿ ಸಂಜೆಯವರೆಗೂ ತಾಯಿ ಬರದಿದ್ದರೆ ಮರಿಗಳನ್ನು ಒಳಗೆ ತಂದು ಬೆಚ್ಚಗಿಡಿ. ಯಾವ ಹಾಲು, ಎಷ್ಟು ಅಂತ ಪಶುವೈದ್ಯರಿಗೆ ಫೋನ್ ಮಾಡಿ ಕೇಳಿ. ಬೆಳಕು ಹರಿಯುತ್ತಲೇ ಮತ್ತೆ ಅದೇ ಕವಲಿನಲ್ಲಿಡಿ. ಆ ದಿನವೂ ಬರದಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ.

ಬೆಕ್ಕು ಕಚ್ಚಿದ ಮರಿಯನ್ನು ಮಾತ್ರ ಬುಟ್ಟಿಗೆ ಹಾಕಬೇಡಿ. ಗಾಯ ಸೂಜಿಮೊನೆಯಷ್ಟೇ ಕಂಡರೂ ಒಳಗೆ ಕೀವಾಗುತ್ತದೆ, ಅವತ್ತೇ ವೈದ್ಯರಿಗೆ ತೋರಿಸಿ.