ರುಂಬಕ್ ಕಣಿವೆಯಲ್ಲಿ ಹಿಮಚಿರತೆ ಹುಡುಕುವ ಬಗೆ

ಲಡಾಖಿನ ಹೆಮಿಸ್ ರಾಷ್ಟ್ರೀಯ ಉದ್ಯಾನದ ರುಂಬಕ್ ಕಣಿವೆಗೆ ಹಿಮಚಿರತೆ ನೋಡಲು ಹೋದವರು ಮೊದಲು ಹುಡುಕಬೇಕಾದ್ದು ಅದು ಬೇಟೆಯಾಡುವ ಭರಲ್ ಎಂಬ ಕಾಡುಕುರಿಗಳನ್ನು. ಹಿಮಚಿರತೆಯ ಬಂಡೆಯ ಬಣ್ಣದ ಮೈಯನ್ನು ಬಂಡೆಗಳ ನಡುವೆ ನೇರವಾಗಿ ಹುಡುಕಿದರೆ ಕಣ್ಣು ಸೋಲುತ್ತದೆ. ಭರಲ್ ಹಿಂಡು ಹರಡಿಕೊಂಡು ಮೇಯುತ್ತಿದ್ದರೆ ಅದಕ್ಕೆ ಅಪಾಯ ಕಂಡಿಲ್ಲ. ಎಲ್ಲವೂ ತಲೆಯೆತ್ತಿ ಒಂದೇ ದಿಕ್ಕಿಗೆ ದಿಟ್ಟಿಸುತ್ತಿದ್ದರೆ, ಇಲ್ಲವೇ ಮೇವು ಬಿಟ್ಟು ಕಡಿದಾದ ಬಂಡೆಗೆ ಏರುತ್ತಿದ್ದರೆ, ಅವು ನೋಡುತ್ತಿರುವ ಕಡೆಗೆ ಸ್ಕೋಪ್ (ದೂರದ್ದನ್ನು ಹತ್ತಿರ ತೋರಿಸುವ ದುರ್ಬೀನು) ತಿರುಗಿಸಿ. ಕಬಿನಿಯಲ್ಲಿ ಜಿಂಕೆ, ಮುಸುವಗಳ ಕೂಗಿನ ಮೇಲೆ ಚಿರತೆ ಪತ್ತೆಹಚ್ಚಿ ಗೊತ್ತಿದ್ದವರಿಗೆ ಇದು ಬೇಗ ಒಗ್ಗುತ್ತದೆ. ಇಲ್ಲಿ ದೂರ ಹೆಚ್ಚು, ಹಾಗಾಗಿ ಕಿವಿಯ ಕೆಲಸವನ್ನೂ ಕಣ್ಣೇ ಮಾಡಬೇಕು.

ಹೋಗಬೇಕಾದ್ದು ಫೆಬ್ರವರಿ, ಮಾರ್ಚ್‌ನಲ್ಲಿ. ಅದು ಹಿಮಚಿರತೆಯ ಬೆದೆಗಾಲ. ಮೇಲೆ ಹಿಮ ಬಿದ್ದು ಕುರಿಗಳೂ ಕೆಳಗಿಳಿದಿರುತ್ತವೆ. ರಾತ್ರಿ ಮೈನಸ್ 20 ಡಿಗ್ರಿ ಆಗುವುದು ಸಾಮಾನ್ಯ.

ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಿಂದ ವಿಮಾನದಲ್ಲಿ 3,500 ಮೀಟರಿನ ಲೇಹ್‌ಗೆ ಬಂದಿಳಿದ ಮೇಲೆ ಎರಡು ಪೂರ್ತಿ ದಿನ ಸುಮ್ಮನಿರಬೇಕು. ಮೊದಲ ದಿನ ಹೊಟೇಲಿನ ಮೆಟ್ಟಿಲು ಹತ್ತಿದರೂ ಏದುಸಿರು ಬರುತ್ತದೆ. ತಲೆನೋವು ಇಳಿಯದೆ ಮೇಲಕ್ಕೆ ಹೊರಡಬಾರದು. ನಡೆಯುವಾಗ ಓಲಾಡಿದರೆ ಅಥವಾ ಕೂತಲ್ಲೇ ಉಸಿರು ಕಟ್ಟಿದರೆ ಕೆಳಗಿಳಿಯುವುದೊಂದೇ ದಾರಿ. ಎತ್ತರದ ಕಾಯಿಲೆ ತಡೆಯಲು ನೆರವಾಗುವ ಅಸೆಟಜೋಲಮೈಡ್ ಮಾತ್ರೆಯನ್ನು ಊರಿನಲ್ಲೇ ವೈದ್ಯರನ್ನು ಕೇಳಿಕೊಂಡು ತನ್ನಿ, ಸಲ್ಫಾ ಔಷಧಗಳ ಅಲರ್ಜಿ ಇದ್ದರೆ ತಪ್ಪದೆ ಹೇಳಿ.

ನೋಡುವ ಕೆಲಸ ಬೆಳಕು ಹರಿಯುವಾಗಲೇ ಶುರುವಾಗಬೇಕು. ನಾನು ಮೊದಲು ಬೈನಾಕ್ಯುಲರಿನಲ್ಲಿ ಬೆಟ್ಟದ ನೆತ್ತಿಯ ಗೆರೆಯನ್ನಷ್ಟೇ ನೋಡುತ್ತೇನೆ, ಏಕೆಂದರೆ ಆಕಾಶದ ಹಿನ್ನೆಲೆಯಲ್ಲಿ ಪ್ರಾಣಿ ಎದ್ದು ಕಾಣುವುದು ಅಲ್ಲಿ ಮಾತ್ರ. ಆಮೇಲೆ 20ರಿಂದ 60 ಪಟ್ಟು ಹಿಗ್ಗಿಸಿ ತೋರಿಸುವ ಸ್ಪಾಟಿಂಗ್ ಸ್ಕೋಪನ್ನು 25ಕ್ಕಿಟ್ಟು, ಎದುರಿನ ಇಳಿಜಾರನ್ನು ಮನಸ್ಸಿನಲ್ಲೇ ಪಟ್ಟಿಗಳಾಗಿ ಸೀಳಿ, ಎಡದಿಂದ ಬಲಕ್ಕೆ ಒಂದೊಂದೇ ಪಟ್ಟಿ. 60ಕ್ಕೆ ಏರಿಸುವುದು ಅನುಮಾನ ಬಂದಮೇಲೆ. ಮೊದಲೇ ಏರಿಸಿದರೆ ಕಾಣುವ ಜಾಗ ಅಂಗೈಯಷ್ಟಾಗಿ ಅರ್ಧ ಬೆಟ್ಟ ಬಿಟ್ಟುಹೋಗುತ್ತದೆ. ಬಂಡೆಯ ಬುಡ, ಮುಂಚಾಚಿದ ಕಲ್ಲಿನ ನೆರಳು, ಬಿಸಿಲು ತಾಗುವ ಚಪ್ಪಟೆ ಕಲ್ಲು ಇವುಗಳಲ್ಲಿ ನಿಧಾನಿಸಿ. ಇಡೀ ಪ್ರಾಣಿ ಕಾಣುತ್ತದೆಂದು ಕಾಯಬೇಡಿ. ಹೆಚ್ಚೂಕಡಿಮೆ ಮೈಯಷ್ಟೇ ಉದ್ದದ ದಪ್ಪ ಬಾಲ ಒಮ್ಮೆ ಹೊರಳುತ್ತದೆ, ಅಷ್ಟೇ ಸಿಗುವುದು. ನೋಡಿ ಮುಗಿಸಿದ ಪಟ್ಟಿಯನ್ನು ಹತ್ತು ನಿಮಿಷ ಬಿಟ್ಟು ಮತ್ತೆ ನೋಡಬೇಕು. ಕಲ್ಲಿನ ಹಿಂದೆ ಮಲಗಿದ್ದು ಮಗ್ಗುಲು ಬದಲಿಸಿರಬಹುದು. ಬಿಸಿಲೇರಿದ ಮೇಲೆ ಇಳಿಜಾರಿನಿಂದ ಏಳುವ ಕಾವಿನ ಅಲೆಗೆ ದೂರದ ಚಿತ್ರ ನಡುಗುತ್ತದೆ. ಆ ಹೊತ್ತು ಊಟಕ್ಕೆ, ಹೆಜ್ಜೆಗುರುತು ನೋಡುವುದಕ್ಕೆ ಸರಿ.

ಗುರುತುಗಳು ಹೆಚ್ಚಾಗಿ ಸಿಗುವುದು ಹಳ್ಳಗಳು ಕೂಡುವಲ್ಲಿ, ಇಕ್ಕಟ್ಟಾದ ಕಮರಿಯ ಬಾಯಲ್ಲಿ, ಬಂಡೆಯ ಬುಡದ ದಾರಿಯಲ್ಲಿ. ಹಿಂಗಾಲಿನಿಂದ ಮಣ್ಣು ಕೆರೆದು ಹಿಂದೆ ಗುಡ್ಡೆ ಮಾಡಿದ ಗುಂಡಿ ಹಿಮಚಿರತೆಯದು. ಹೆಜ್ಜೆಯಲ್ಲಿ ಉಗುರಿನ ಗುರುತು ಮೂಡಿದ್ದರೆ ತೋಳ ಅಥವಾ ಊರ ನಾಯಿ. ಕರಗಿದ ಹಿಮದಲ್ಲಿ ನರಿಯ ಹೆಜ್ಜೆಯೂ ಹಿಗ್ಗಿ ಮೋಸ ಮಾಡುತ್ತದೆ, ಅದಕ್ಕೆ ನೆರಳಿನ ಹಿಮವನ್ನೇ ನಂಬಿ. ಪ್ರಾಣಿ ಎದುರು ಬಂದಾಗ ತಾನೇ ಚಿತ್ರ ತೆಗೆಯುವ ಕ್ಯಾಮೆರಾ ಟ್ರ್ಯಾಪ್ ಇಡುವ ಆಸೆಯಿದ್ದರೆ ವನ್ಯಜೀವಿ ಇಲಾಖೆಯ ಅನುಮತಿ ಬೇಕೇಬೇಕು.

ಚಳಿ ಕೆಡಿಸುವುದು ಸಣ್ಣ ಸಣ್ಣ ಕೆಲಸಗಳನ್ನು. ಉಸಿರು ತಾಗಿದರೆ ಕಣ್ಣಿಟ್ಟು ನೋಡುವ ಗಾಜಿನ (ಐಪೀಸ್) ಮೇಲೆ ಮಂಜು ಹೆಪ್ಪುಗಟ್ಟುತ್ತದೆ, ಮುಖ ಪಕ್ಕಕ್ಕೆ ತಿರುಗಿಸಿ ಉಸಿರು ಬಿಡಿ. ಬ್ಯಾಟರಿ ಒಳಜೇಬಿನಲ್ಲಿರಲಿ. ಸಂಜೆ ಬುಖಾರಿ ಒಲೆ ಉರಿಯುವ ಕೋಣೆಗೆ ಕಾಲಿಡುವ ಮೊದಲೇ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ. ಬೆಚ್ಚಗಾಗುವ ತನಕ ಬಿಚ್ಚಬೇಡಿ, ಇಲ್ಲದಿದ್ದರೆ ಲೆನ್ಸಿನೊಳಗೂ ನೀರಾಡುತ್ತದೆ. ಬಿಗಿಯಾದ ಶೂಗೆ ಎರಡು ಜೊತೆ ಕಾಲುಚೀಲ ತುರುಕಿದವರ ಬೆರಳೇ ಮೊದಲು ಮರಗಟ್ಟುವುದು, ರಕ್ತ ಓಡಾಡಲು ಜಾಗವಿಲ್ಲದೆ. ಒಂದು ಸೈಜ್ ದೊಡ್ಡ ಶೂ ಕೊಳ್ಳಿ. ಕೂರಲು ಫೋಮ್ ಚಾಪೆಯ ತುಂಡು ಮರೆಯಬೇಡಿ, ಇದರ ಬೆಲೆ ಮೂರನೇ ಗಂಟೆಗೆ ಗೊತ್ತಾಗುತ್ತದೆ.

ಕಂಡಮೇಲೆ ಎಲ್ಲರೂ ಮಾಡುವ ತಪ್ಪು ಹತ್ತಿರ ಹೋಗುವುದು. ಒಂದು ಕಿಲೋಮೀಟರ್ ದೂರದಿಂದ ಸ್ಕೋಪಿಗೆ ಫೋನ್ ಅಡಾಪ್ಟರ್ ಸಿಕ್ಕಿಸಿ ತೆಗೆದ ಚಿತ್ರ 600 ಮಿಲಿಮೀಟರ್ ಲೆನ್ಸಿನದಕ್ಕಿಂತ ದೊಡ್ಡದಾಗಿಯೇ ಬರುತ್ತದೆ. ಹಿಮಚಿರತೆ ತಾನು ಕೊಂದ ಪ್ರಾಣಿಯ ಬಳಿ ಇದ್ದರಂತೂ ನೀವು ಕೂತಲ್ಲೇ ಕೂರಿ: ದೊಡ್ಡ ಕುರಿ ಕೊಂದ ಹಿಮಚಿರತೆ ಮೂರ್ನಾಲ್ಕು ದಿನ ಅಲ್ಲೇ ಸುತ್ತಮುತ್ತ ಇರುತ್ತದೆ. ಮೇಲೆ ಸುತ್ತುವ ರಣಹದ್ದು, ಬಂಡೆಗೆ ಬಂದು ಕೂರುವ ಮ್ಯಾಗ್ಪೈ ಹಕ್ಕಿಗಳೇ ಜಾಗ ತೋರಿಸುತ್ತವೆ. ಜನರ ಗಲಾಟೆಗೆ ಅರ್ಧ ತಿಂದದ್ದನ್ನು ಬಿಟ್ಟು ಹೋದರೆ ಅದು ಮತ್ತೆ ಬೇಟೆಯಾಡಬೇಕು, ಅದು ಹಳ್ಳಿಯ ಕುರಿದೊಡ್ಡಿಯಲ್ಲೂ ಆಗಬಹುದು. ದೊಡ್ಡಿಯ ಒಳಗೆ ಬಿದ್ದ ಹಿಮಚಿರತೆ ಒಂದಕ್ಕೇ ನಿಲ್ಲುವುದಿಲ್ಲ, ಗಾಬರಿಯಲ್ಲಿ ಓಡಾಡುವ ಕುರಿಗಳನ್ನು ಒಂದರ ಹಿಂದೊಂದು ಕೊಲ್ಲುತ್ತದೆ. ಈ ಕಡೆಯ ಹಳ್ಳಿಗಳಲ್ಲಿ ದೊಡ್ಡಿಯ ಮೇಲೆ ಮರದ ತೊಲೆ ಹಾಸಿ ತಂತಿ ಬಲೆ ಬಿಗಿದು, ಸಂದಿಯಿಲ್ಲದ ಬಾಗಿಲು ಕೂರಿಸಿರುವುದು ಅದಕ್ಕಾಗಿಯೇ.