ಕೌಂಟಿ ಕೋರ್ಟೋ ಫೆಡರಲ್ ಕೋರ್ಟೋ? ಬೇ ಏರಿಯಾಕ್ಕೆ ಹೊಸದಾಗಿ ಬಂದ ಕನ್ನಡ ಕುಟುಂಬಗಳಿಗೆ

ನಮ್ಮೂರಲ್ಲಿ ಕೋರ್ಟುಗಳದ್ದು ಒಂದೇ ಸಾಲು. ಮೈಸೂರಿನ ಜಿಲ್ಲಾ ನ್ಯಾಯಾಲಯದಲ್ಲಿ ಸಂಸತ್ತು ಮಾಡಿದ ಕಾಯಿದೆಯ ಕೇಸೂ ನಡೆಯುತ್ತದೆ, ವಿಧಾನಸಭೆ ಮಾಡಿದ ಕಾಯಿದೆಯ ಕೇಸೂ ನಡೆಯುತ್ತದೆ. ಅಮೆರಿಕದಲ್ಲಿ ಎರಡು ಸಾಲುಗಳಿವೆ. ರಾಜ್ಯದ ಸುಪೀರಿಯರ್ ಕೋರ್ಟು ಕೌಂಟಿಗೊಂದು (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು); ಕೇಂದ್ರ ಸರ್ಕಾರದ ಡಿಸ್ಟ್ರಿಕ್ಟ್ ಕೋರ್ಟು ಹಲವು ಕೌಂಟಿಗಳಿಗೆ ಸೇರಿ ಒಂದು. ಬೇ ಏರಿಯಾದ ಫೆಡರಲ್ ವಿಚಾರಣಾ ನ್ಯಾಯಾಲಯಕ್ಕೆ ನಾರ್ದರ್ನ್ ಡಿಸ್ಟ್ರಿಕ್ಟ್ ಆಫ್ ಕ್ಯಾಲಿಫೋರ್ನಿಯಾ ಎಂದು ಹೆಸರು. ತಪ್ಪು ಕೋರ್ಟಿಗೆ ಅರ್ಜಿ ಹಾಕಿದರೆ ಕಟ್ಟಿದ ಶುಲ್ಕ ವಾಪಸ್ ಬರುವುದಿಲ್ಲ, ಅಷ್ಟರಲ್ಲಿ ಗಡುವೂ ಮುಗಿದಿರಬಹುದು. ಹಾಗಾಗಿ ಯಾವ ವಿಷಯ ಎಲ್ಲಿಗೆ ಸೇರಿದ್ದು ಎಂಬುದನ್ನು ಮೊದಲು ತಿಳಿದುಕೊಳ್ಳಿ.

ದಿನನಿತ್ಯದ ತಕರಾರುಗಳಲ್ಲಿ ಬಹುಪಾಲು ಕೌಂಟಿಯ ಸುಪೀರಿಯರ್ ಕೋರ್ಟಿಗೇ ಸೇರಿದವು: ವಿಚ್ಛೇದನ, ಮಕ್ಕಳ ಪಾಲನೆ, ಮನೆ ಖಾಲಿ ಮಾಡಿಸುವುದು, ರಸ್ತೆಯ ಟ್ರಾಫಿಕ್ ಟಿಕೆಟ್ಟು, ವಿಲ್ಲು. ಮನೆ ಮಾಲೀಕರು ಅಡ್ವಾನ್ಸ್ ವಾಪಸ್ ಕೊಡದಿದ್ದರೆ ಅಲ್ಲಿಯೇ ಇರುವ ಸ್ಮಾಲ್ ಕ್ಲೇಮ್ಸ್ ವಿಭಾಗಕ್ಕೆ ಹೋಗಬೇಕು. ಒಬ್ಬ ವ್ಯಕ್ತಿ ಅಲ್ಲಿ 12,500 ಡಾಲರ್‌ವರೆಗೆ ಕೇಳಬಹುದು. ಫೆಡರಲ್ ಕೋರ್ಟಿಗೆ ಬರುವುದು ಮುಖ್ಯವಾಗಿ ಮೂರು ಬಗೆಯ ಕೇಸುಗಳು: ಕೇಂದ್ರದ ಕಾನೂನಿನ ಪ್ರಶ್ನೆ ಇರುವವು, ಅಮೆರಿಕ ಸರ್ಕಾರವೇ ಕಕ್ಷಿದಾರನಾಗಿರುವವು, ಬೇರೆ ಬೇರೆ ರಾಜ್ಯ ಅಥವಾ ದೇಶದ ಪ್ರಜೆಗಳ ನಡುವೆ 75,000 ಡಾಲರ್‌ಗಿಂತ ಹೆಚ್ಚಿನ ಮೊತ್ತದ ವ್ಯಾಜ್ಯಗಳು.

ಈ ಮೂರನೆಯದರಲ್ಲಿ ನಮ್ಮವರು ಎಡವುವುದು ಹೆಚ್ಚು. ವ್ಯವಹಾರದಲ್ಲಿ ಜೊತೆಯಾಗಿದ್ದ ಇಬ್ಬರೂ ಭಾರತೀಯ ಪಾಸ್‌ಪೋರ್ಟಿನವರಾಗಿದ್ದರೆ ಮೊತ್ತ ಎಷ್ಟೇ ಇದ್ದರೂ ಈ ದಾರಿ ತೆರೆಯುವುದಿಲ್ಲ. ವಿದೇಶಿ ಪ್ರಜೆ ಇನ್ನೊಬ್ಬ ವಿದೇಶಿ ಪ್ರಜೆಯ ಮೇಲೆ ಹೂಡುವ ದಾವೆಗೆ ಇಲ್ಲಿ ಅವಕಾಶವಿಲ್ಲ. ಎಚ್-1ಬಿ ಮೇಲಿರುವವರು ಕ್ಯಾಲಿಫೋರ್ನಿಯಾದ ಪೌರರ ಮೇಲೆ ದಾವೆ ಹೂಡಬಹುದು. ಆದರೆ ಗ್ರೀನ್ ಕಾರ್ಡ್ ಬಂದು ಕ್ಯಾಲಿಫೋರ್ನಿಯಾದಲ್ಲೇ ನೆಲೆಸಿದ ಮೇಲೆ ಅದೇ ಪೌರರ ವಿರುದ್ಧ ಆ ಅವಕಾಶ ತಪ್ಪುತ್ತದೆ, ಕೌಂಟಿ ಕೋರ್ಟಿಗೇ ಹೋಗಬೇಕು.

ನಿಮ್ಮ ಮನೆ ಯಾವ ಡಿಸ್ಟ್ರಿಕ್ಟಿನಲ್ಲಿದೆ?

ನಾರ್ದರ್ನ್ ಡಿಸ್ಟ್ರಿಕ್ಟ್ ಕೋರ್ಟಿನ ವ್ಯಾಪ್ತಿಗೆ 15 ಕೌಂಟಿಗಳು ಬರುತ್ತವೆ. ಸಾಂತಾ ಕ್ಲಾರಾ, ಸಾಂತಾ ಕ್ರೂಸ್, ಸಾನ್ ಬೆನಿಟೊ, ಮಾಂಟೆರೆ ಕೌಂಟಿಗಳ ಸಿವಿಲ್ ಕೇಸುಗಳು ಸಾಮಾನ್ಯವಾಗಿ ಸಾನ್ ಹೊಸೆ ವಿಭಾಗಕ್ಕೆ ಹೋಗುತ್ತವೆ. ಅಲಮೇಡಾ, ಕಾಂಟ್ರಾ ಕೋಸ್ಟಾ, ಮರಿನ್, ನಾಪಾ, ಸೊನೋಮಾ, ಸಾನ್ ಮಟೇಯೊ, ಸಾನ್ ಫ್ರಾನ್ಸಿಸ್ಕೊ ಕೌಂಟಿಗಳವು ಸಾನ್ ಫ್ರಾನ್ಸಿಸ್ಕೊ ಅಥವಾ ಓಕ್‌ಲ್ಯಾಂಡಿಗೆ. ಉತ್ತರದ ಡೆಲ್ ನಾರ್ಟ್, ಹಂಬೋಲ್ಟ್, ಲೇಕ್, ಮೆಂಡೊಸಿನೊ ಕೌಂಟಿಗಳಿಗೆ ಯುರೇಕಾ ವಿಭಾಗವಿದೆ. ಪೇಟೆಂಟು, ಕಾಪಿರೈಟು, ಟ್ರೇಡ್‌ಮಾರ್ಕಿನಂಥ ಕೆಲವು ಬಗೆಯ ಕೇಸುಗಳನ್ನು ಇಡೀ ಡಿಸ್ಟ್ರಿಕ್ಟಿನ ನ್ಯಾಯಾಧೀಶರಿಗೆ ಹಂಚುತ್ತಾರೆ.

ಫ್ರೀಮಾಂಟಿನವರಿಗೆ ಸಾನ್ ಹೊಸೆ ಹತ್ತಿರ. ಆದರೆ ಫ್ರೀಮಾಂಟ್ ಇರುವುದು ಅಲಮೇಡಾ ಕೌಂಟಿಯಲ್ಲಿ, ಆದ್ದರಿಂದ ಓಕ್‌ಲ್ಯಾಂಡ್ ಅಥವಾ ಸಾನ್ ಫ್ರಾನ್ಸಿಸ್ಕೊ. ಇನ್ನೂ ಮುಖ್ಯವಾದದ್ದು ಮೌಂಟನ್ ಹೌಸ್, ಟ್ರೇಸಿ ಕಡೆ ಮನೆ ಕೊಂಡವರ ವಿಷಯ. ಕೆಲಸ ಸಿಲಿಕಾನ್ ವ್ಯಾಲಿಯಲ್ಲೇ ಇದ್ದರೂ ಮನೆ ಸಾನ್ ವಾಕೀನ್ ಕೌಂಟಿಯಲ್ಲಿದೆ. ಅದು ಈಸ್ಟರ್ನ್ ಡಿಸ್ಟ್ರಿಕ್ಟು, ಕೋರ್ಟು ಸ್ಯಾಕ್ರಮೆಂಟೊದಲ್ಲಿ. ಅಂಚೆ ವಿಳಾಸದಲ್ಲಿರುವ ಊರಿನ ಹೆಸರು ನಂಬಿ ಕೂರಬೇಡಿ, ಕೌಂಟಿ ಯಾವುದೆಂದು ನೋಡಿಕೊಳ್ಳಿ.

ಈ ಗಡಿಗಳು ಒಂದೇ ಸಲ ಬಂದವಲ್ಲ. ಕ್ಯಾಲಿಫೋರ್ನಿಯಾ 1850ರ ಸೆಪ್ಟೆಂಬರ್ 9ರಂದು ರಾಜ್ಯವಾಯಿತು; ಅದೇ ತಿಂಗಳ 28ರಂದು ಕಾಂಗ್ರೆಸ್ (ಅಮೆರಿಕದ ಸಂಸತ್ತು) ಅದನ್ನು ಉತ್ತರ, ದಕ್ಷಿಣ ಎಂದು ಎರಡು ಡಿಸ್ಟ್ರಿಕ್ಟ್ ಮಾಡಿತು. 1866ರಲ್ಲಿ ಎರಡನ್ನೂ ಸೇರಿಸಿ ಒಂದು ಮಾಡಿದರು, 1886ರಲ್ಲಿ ಮತ್ತೆ ಒಡೆದರು. ಈಗಿನ ನಾಲ್ಕು ಡಿಸ್ಟ್ರಿಕ್ಟುಗಳು 1966ರಲ್ಲಿ ಬಂದವು. ಮೊದಲ ನ್ಯಾಯಾಧೀಶ ಆಗ್ಡನ್ ಹಾಫ್‌ಮನ್ 1851ರಿಂದ 1891ರವರೆಗೆ, ನಲವತ್ತು ವರ್ಷ ಅದೇ ಪೀಠದಲ್ಲಿದ್ದರು. ಮೆಕ್ಸಿಕೊ ಆಳ್ವಿಕೆಯಲ್ಲಿ ಕೊಟ್ಟಿದ್ದ ಜಮೀನುಗಳ ವ್ಯಾಜ್ಯದಿಂದ ಹಿಡಿದು, ಹಡಗಿನಿಂದ ಇಳಿಯಲು ಬಿಡದ ಚೀನೀ ವಲಸಿಗರ ಸಾವಿರಾರು ಅರ್ಜಿಗಳವರೆಗೆ ಅವರ ಮುಂದೆ ಬಂದವು.

ವಲಸಿಗರ ಬದುಕಿನೊಂದಿಗೆ ಈ ಕೋರ್ಟಿನ ನಂಟು ಅಲ್ಲಿಂದಲೇ ಶುರು. ಸಾನ್ ಫ್ರಾನ್ಸಿಸ್ಕೊದಲ್ಲೇ ಹುಟ್ಟಿದ ವಾಂಗ್ ಕಿಮ್ ಆರ್ಕ್ 1895ರಲ್ಲಿ ಚೀನಾದಿಂದ ಮರಳಿದಾಗ ಒಳಗೆ ಬಿಡಲಿಲ್ಲ. ಆತ ಅಮೆರಿಕದ ಪೌರನೇ ಎಂದು ನ್ಯಾಯಾಧೀಶ ವಿಲಿಯಂ ಮಾರೋ 1896ರ ಜನವರಿಯಲ್ಲಿ ಇದೇ ಕೋರ್ಟಿನಲ್ಲಿ ತೀರ್ಪಿತ್ತರು, 1898ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಇಲ್ಲಿ ಹುಟ್ಟುವ ನಮ್ಮ ಮಕ್ಕಳ ಪೌರತ್ವದ ಮಾತು ಬಂದಾಗಲೆಲ್ಲ ಈ ಹೆಸರು ಕೇಳಿಬರುತ್ತದೆ. ಬ್ರಿಟಿಷ್ ಆಳ್ವಿಕೆಯ ವಿರುದ್ಧ ಹೋರಾಡುತ್ತಿದ್ದ ಗದರ್ ಪಕ್ಷದ ಭಾರತೀಯರ ಮೇಲಿನ ಒಳಸಂಚಿನ ಮೊಕದ್ದಮೆ 1917ರ ನವೆಂಬರಿನಿಂದ 1918ರ ಏಪ್ರಿಲ್‌ವರೆಗೆ ನಡೆದದ್ದೂ ಇಲ್ಲಿಯೇ. ಕೊನೆಯ ದಿನ ಕೋರ್ಟಿನೊಳಗೇ ಸಹ ಆರೋಪಿಯೊಬ್ಬ ಗದರ್ ಮುಖಂಡ ರಾಮಚಂದ್ರರನ್ನು ಗುಂಡಿಕ್ಕಿ ಕೊಂದ, ಮಾರ್ಷಲ್ ಒಬ್ಬರು ಅವನನ್ನೂ ಅಲ್ಲೇ ಹೊಡೆದುರುಳಿಸಿದರು. ತೀರಾ ಈಚೆಗೆ, ಎಚ್-1ಬಿ ಕನಿಷ್ಠ ವೇತನವನ್ನು ದಿಢೀರನೆ ಏರಿಸಿದ್ದ ನಿಯಮವನ್ನು 2020ರ ಡಿಸೆಂಬರ್ 1ರಂದು ನ್ಯಾಯಾಧೀಶ ಜೆಫ್ರಿ ವೈಟ್ ರದ್ದು ಮಾಡಿದರು. ಸಾರ್ವಜನಿಕರ ಅಭಿಪ್ರಾಯ ಕೇಳದೆ ತರಾತುರಿಯಲ್ಲಿ ಜಾರಿ ಮಾಡಿದ್ದೇ ಅದಕ್ಕೆ ಕಾರಣ.

ಜ್ಯೂರಿ ಕಾಗದ ಬಂದರೆ

ಜ್ಯೂರಿ ಎಂದರೆ ಕೇಸು ಕೇಳಿ ತೀರ್ಮಾನ ಹೇಳಲು ಕೋರ್ಟು ಕರೆಸುವ ಸಾಮಾನ್ಯ ಪೌರರ ತಂಡ. ಪೌರತ್ವ ಇಲ್ಲದವರಿಗೂ ಜ್ಯೂರಿ ಕಾಗದ ಬರುತ್ತದೆ. ಮತದಾರರ ಪಟ್ಟಿಯ ಜೊತೆಗೆ ಡ್ರೈವಿಂಗ್ ಲೈಸೆನ್ಸ್ ಪಟ್ಟಿಯಿಂದಲೂ ಹೆಸರು ಆರಿಸುತ್ತಾರೆ. ಕಾಗದವನ್ನು ಕಸಕ್ಕೆ ಹಾಕಬೇಡಿ. ಮೊದಲು ಮೇಲ್ಭಾಗ ನೋಡಿ: ಕೌಂಟಿಯ ಸುಪೀರಿಯರ್ ಕೋರ್ಟಿನದೋ ಫೆಡರಲ್ ಕೋರ್ಟಿನದೋ ಎಂದು ಬರೆದಿರುತ್ತದೆ. ಒಂದಕ್ಕೆ ಉತ್ತರಿಸಿದ್ದು ಇನ್ನೊಂದಕ್ಕೆ ಲೆಕ್ಕವಾಗದು. ಪೌರರಲ್ಲದವರು ‘ನಾನು ಅಮೆರಿಕದ ಪೌರನಲ್ಲ’ ಎಂಬ ಜಾಗಕ್ಕೆ ಗುರುತು ಹಾಕಿ, ಸಹಿ ಮಾಡಿ, ಹೇಳಿದ ದಿನದೊಳಗೆ ಕಳಿಸಿ, ಪ್ರತಿ ಇಟ್ಟುಕೊಳ್ಳಿ. ಅವಸರದಲ್ಲಿ ಪೌರ ಎಂದು ಗುರುತು ಹಾಕಿದರೆ ಅದು ಸುಳ್ಳು ಪೌರತ್ವ ಹೇಳಿಕೊಂಡಂತೆ. ಗ್ರೀನ್ ಕಾರ್ಡಿಗೇ ಕುತ್ತು ಬರುವಷ್ಟು ದೊಡ್ಡ ತಪ್ಪು ಅದು. ಹಾಗೆ ಆಗಿಬಿಟ್ಟಿದ್ದರೆ ತಡಮಾಡದೆ ವಲಸೆ ವಕೀಲರನ್ನು ಕಾಣಿ.

ಪೌರರಾದವರು ಹೋಗಲೇಬೇಕು. ಫೆಡರಲ್ ಕೋರ್ಟಿನ ಕರೆಯಾದರೆ 18 ತುಂಬಿರಬೇಕು, ಡಿಸ್ಟ್ರಿಕ್ಟಿನಲ್ಲಿ ಒಂದು ವರ್ಷ ವಾಸವಿರಬೇಕು, ಇಂಗ್ಲಿಷ್ ಸಾಕಷ್ಟು ಬರಬೇಕು. ದಿನಕ್ಕೆ 50 ಡಾಲರ್ ಕೊಡುತ್ತಾರೆ. ಕಾರಣವಿಲ್ಲದೆ ತಪ್ಪಿಸಿಕೊಂಡರೆ 1,000 ಡಾಲರ್‌ವರೆಗೆ ದಂಡ, ಮೂರು ದಿನದವರೆಗೆ ಜೈಲು ಆಗಬಹುದು. ಜ್ಯೂರಿಗೆ ಹೋದಿರೆಂದು ಕೆಲಸದಿಂದ ತೆಗೆಯುವಂತಿಲ್ಲ. ಊರಿಗೆ ಹೋಗಲು ಟಿಕೆಟ್ ಆಗಿದ್ದರೆ ದಿನಾಂಕ ಮುಂದೂಡಲು ಕೇಳಿಕೊಳ್ಳಿ. ‘ಜ್ಯೂರಿ ತಪ್ಪಿಸಿದ್ದೀರಿ, ವಾರಂಟ್ ಇದೆ, ಗಿಫ್ಟ್ ಕಾರ್ಡಿನಲ್ಲಿ ದುಡ್ಡು ಕಟ್ಟಿ’ ಎಂದು ಫೋನ್ ಬಂದರೆ ಅದು ಮೋಸವೇ; ಕೋರ್ಟು ಫೋನಿನಲ್ಲಿ ಹಣ ಕೇಳುವುದಿಲ್ಲ.

ಪೌರತ್ವ ಮತ್ತು ಹೆಸರು

ಇನಿಷಿಯಲ್ ಇರುವ, ಮನೆತನದ ಹೆಸರೇ ಇಲ್ಲದ ನಮ್ಮ ಹೆಸರುಗಳು ಇಲ್ಲಿನ ದಾಖಲೆಗಳಲ್ಲಿ ಒಂದೊಂದು ಕಡೆ ಒಂದೊಂದು ತೆರನಾಗಿರುತ್ತವೆ: ವೀಸಾದಲ್ಲಿ ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ ಎಂಬುದರ ಇಂಗ್ಲಿಷ್ ಚಿಕ್ಕರೂಪ), ಲೈಸೆನ್ಸಿನಲ್ಲಿ ಅಪ್ಪನ ಹೆಸರು, ಬ್ಯಾಂಕಿನಲ್ಲಿ ಊರಿನ ಹೆಸರು. ಪೌರತ್ವದ ಎನ್-400 ಅರ್ಜಿಯಲ್ಲೇ ಹೆಸರು ಬದಲಿಸಲು ಕೇಳಬಹುದು. ಆದರೆ ಹೆಸರು ಬದಲಿಸುವ ಅಧಿಕಾರ ಇರುವುದು ಕೋರ್ಟಿಗೆ, ವಲಸೆ ಇಲಾಖೆಗೆ ಇಲ್ಲ. ಆದ್ದರಿಂದ ಇಲಾಖೆಯೇ ನಡೆಸುವ ಪ್ರಮಾಣವಚನದಲ್ಲಿ ಇದು ಆಗದು. ನ್ಯಾಯಾಲಯದ ಸಮಾರಂಭಕ್ಕೆ ಕಾಯಬೇಕು, ದಿನಾಂಕ ತಡವಾಗಬಹುದು. ಸಂದರ್ಶನದ ದಿನ ಸಹಿ ಮಾಡುವ ಹೆಸರು ಬದಲಾವಣೆಯ ಅರ್ಜಿಯಲ್ಲಿ ಒಂದೊಂದು ಅಕ್ಷರವನ್ನೂ ಓದಿ. ಅಲ್ಲಿ ಉಳಿದ ತಪ್ಪು ಪ್ರಮಾಣಪತ್ರಕ್ಕೆ, ಪಾಸ್‌ಪೋರ್ಟಿಗೆ ಇಳಿಯುತ್ತದೆ. ಮುಂದೆ ಓಸಿಐಗೆ (ಭಾರತದ ಸಾಗರೋತ್ತರ ಪೌರ ಕಾರ್ಡಿಗೆ) ಹಾಕುವಾಗ ಹಳೆಯ ಭಾರತೀಯ ಪಾಸ್‌ಪೋರ್ಟಿನವರು ನೀವೇ ಎಂದು ತೋರಿಸಲು ಈ ಆದೇಶದ ಪ್ರತಿ ಬೇಕು, ಜೋಪಾನವಾಗಿಡಿ.

ಸಂದರ್ಶನ ಮುಗಿದು 120 ದಿನ ದಾಟಿದರೂ ತೀರ್ಮಾನ ಬಾರದಿದ್ದರೆ ನೀವು ವಾಸವಿರುವ ಡಿಸ್ಟ್ರಿಕ್ಟ್ ಕೋರ್ಟಿಗೆ ಹೋಗಬಹುದು. ಎಣಿಕೆ ಶುರುವಾಗುವುದು ಸಂದರ್ಶನದ ದಿನದಿಂದ. ಅರ್ಜಿ ಹಾಕಿದ ದಿನದಿಂದ ಎಣಿಸಿ ಬಂದವರ ಕೇಸು ಊರ್ಜಿತವಾಗುವುದಿಲ್ಲ.

ವಿಳಂಬಕ್ಕೆ ಮ್ಯಾಂಡಮಸ್

ಕರ್ನಾಟಕದಲ್ಲಿ ರಿಟ್ ಎಂದರೆ ಹೈಕೋರ್ಟು. ಇಲ್ಲಿ ವಲಸೆ ಇಲಾಖೆ ನಿಮ್ಮ ಅರ್ಜಿಯನ್ನು ವರ್ಷಗಟ್ಟಲೆ ಮುಟ್ಟದಿದ್ದರೆ ಮ್ಯಾಂಡಮಸ್ ದಾವೆ (ಇಲಾಖೆ ತನ್ನ ಕರ್ತವ್ಯ ಮಾಡುವಂತೆ ಆದೇಶ ಕೇಳುವ ದಾವೆ) ಹೂಡುವುದು ಡಿಸ್ಟ್ರಿಕ್ಟ್ ಕೋರ್ಟಿನಲ್ಲೇ. ಶುಲ್ಕ 405 ಡಾಲರ್. ಕಟ್ಟಲು ಶಕ್ತಿ ಇಲ್ಲದವರು ವಿನಾಯಿತಿ ಕೇಳಬಹುದು. ಕೋರ್ಟು ಹೇಳಬಲ್ಲದ್ದು ‘ತೀರ್ಮಾನ ಕೊಡಿ’ ಎಂದಷ್ಟೇ, ‘ಮಂಜೂರು ಮಾಡಿ’ ಎಂದಲ್ಲ. ಪ್ರಿಯಾರಿಟಿ ಡೇಟ್, ಅಂದರೆ ನಿಮ್ಮ ಸರದಿ, ಬಾರದೆ ಗ್ರೀನ್ ಕಾರ್ಡ್ ನಿಂತಿದ್ದರೆ ಇದರಿಂದ ಉಪಯೋಗವಿಲ್ಲ. ಗ್ರೀನ್ ಕಾರ್ಡುಗಳಲ್ಲಿ ಒಂದು ದೇಶದವರಿಗೆ ಶೇ 7ರ ಮಿತಿ ಎಂಬುದು ಕಾಂಗ್ರೆಸ್ ಮಾಡಿದ ಕಾನೂನು, ನ್ಯಾಯಾಧೀಶರು ಸಂಖ್ಯೆ ಹುಟ್ಟಿಸಲಾರರು. ಇದಕ್ಕೂ ಕೇಸು ಹಾಕಿಸುತ್ತೇವೆಂದು ಹಣ ಕೇಳುವವರಿಂದ ದೂರವಿರಿ. ಗ್ರೀನ್ ಕಾರ್ಡ್ ಇನ್ನೂ ಬಾರದವರಾದರೆ, ಈ ಡಿಸ್ಟ್ರಿಕ್ಟಿನಲ್ಲಿ ಹೂಡಬಹುದೇ ಎಂದೇ ಸರ್ಕಾರಿ ವಕೀಲರು ತಕರಾರು ತೆಗೆಯಬಹುದು. ವಕೀಲರ ಜೊತೆ ಮೊದಲೇ ಮಾತಾಡಿ.

ಸ್ವಂತವಾಗಿ ಹೂಡುವವರ ಕೇಸು ಹೆಚ್ಚಾಗಿ ಬೀಳುವುದು ಸಮನ್ಸ್ ಜಾರಿಯಲ್ಲಿ. ಸರ್ಕಾರದ ಮೇಲಿನ ದಾವೆಯ ಪ್ರತಿ ಮೂರು ಕಡೆ ತಲುಪಬೇಕು: ವಾಷಿಂಗ್ಟನ್ನಿನ ಅಟಾರ್ನಿ ಜನರಲ್‌ಗೆ, ಈ ಡಿಸ್ಟ್ರಿಕ್ಟಿನ ಯುಎಸ್ ಅಟಾರ್ನಿ ಕಚೇರಿಗೆ, ಮತ್ತು ಸಂಬಂಧಪಟ್ಟ ಇಲಾಖೆಗೆ. ಅಂಚೆಯಲ್ಲಾದರೆ ರಿಜಿಸ್ಟರ್ಡ್ ಅಥವಾ ಸರ್ಟಿಫೈಡ್ ಮೇಲ್ ಆಗಬೇಕು. ದಾವೆ ಹೂಡಿದವರೇ ಕಳಿಸುವಂತಿಲ್ಲ. 18 ತುಂಬಿದ, ಕೇಸಿನಲ್ಲಿ ಕಕ್ಷಿದಾರರಲ್ಲದ ಸ್ನೇಹಿತರಿಂದ ಕಳಿಸಿ, ಅವರು ಸಹಿ ಮಾಡಿದ ಪುರಾವೆಯನ್ನು ಕೋರ್ಟಿಗೆ ಸಲ್ಲಿಸಿ. ಇದೆಲ್ಲ 90 ದಿನದೊಳಗೆ ಮುಗಿಯಬೇಕು. ಉತ್ತರಿಸಲು ಸರ್ಕಾರಕ್ಕೆ 60 ದಿನ ಇರುತ್ತದೆ. ಕೇಸು ಮ್ಯಾಜಿಸ್ಟ್ರೇಟ್ ನ್ಯಾಯಾಧೀಶರಿಗೆ ಹೋದರೆ ಅವರೇ ಅದನ್ನು ತೀರ್ಮಾನಿಸಲು ಒಪ್ಪಿಗೆಯೋ ಇಲ್ಲವೋ ಎಂದು ತಿಳಿಸುವ ಫಾರಂ ಬರುತ್ತದೆ. ಯಾವುದನ್ನು ಆರಿಸಿದರೂ ನಿಮಗೆ ತೊಂದರೆಯಿಲ್ಲ, ಉತ್ತರಿಸದೆ ಬಿಟ್ಟರೆ ಕೇಸು ತಡವಾಗಬಹುದು.

ಕೆಲಸದಲ್ಲಿ ತಾರತಮ್ಯವಾದರೆ ಸಾಮಾನ್ಯವಾಗಿ ನೇರವಾಗಿ ಕೋರ್ಟಿಗೆ ಬರುವಂತಿಲ್ಲ. ಕೇಂದ್ರದ ಕಾನೂನಿನಡಿ ಮೊದಲು ಇಇಒಸಿಗೆ (ಕೇಂದ್ರದ ಸಮಾನ ಉದ್ಯೋಗಾವಕಾಶ ಆಯೋಗಕ್ಕೆ) 300 ದಿನದೊಳಗೆ ದೂರು ಕೊಡಬೇಕು. ದಾವೆ ಹೂಡಬಹುದು ಎಂದು ಅವರು ಕೊಡುವ ‘ರೈಟ್ ಟು ಸ್ಯೂ’ ಪತ್ರ ಕೈಸೇರಿದ ಮೇಲೆ ದಾವೆಗೆ 90 ದಿನ. ವೀಸಾದ ಚಿಂತೆಯಲ್ಲಿ ಈ 90 ದಿನ ಕಳೆದುಕೊಳ್ಳುವುದು ಸುಲಭ.

ಪಾರ್ಕಿನಲ್ಲಿ ಕೊಟ್ಟ ಟಿಕೆಟ್ಟು

ಮ್ಯೂರ್ ವುಡ್ಸ್, ಪಾಯಿಂಟ್ ರೇಯಸ್, ಗೋಲ್ಡನ್ ಗೇಟ್ ಸುತ್ತಲಿನ ರಾಷ್ಟ್ರೀಯ ಉದ್ಯಾನ ಫೆಡರಲ್ ಜಾಗಗಳು. ಅಲ್ಲಿ ರೇಂಜರ್ ಕೊಡುವ ಟಿಕೆಟ್ಟನ್ನು ಕೌಂಟಿಯ ಟ್ರಾಫಿಕ್ ಕೋರ್ಟಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಅದು ಸೆಂಟ್ರಲ್ ವಯೊಲೇಶನ್ಸ್ ಬ್ಯೂರೊ ಮೂಲಕ ಫೆಡರಲ್ ಮ್ಯಾಜಿಸ್ಟ್ರೇಟ್ ಮುಂದೆ ಬರುತ್ತದೆ. ಹಾಜರಾತಿ ಕಡ್ಡಾಯ ಎಂಬ ಗುರುತಿದ್ದರೆ ದಂಡ ಕಟ್ಟಿ ಮುಗಿಸಲಾಗದು, ಹೋಗಲೇಬೇಕು. ಮಕ್ಕಳಿಗೆ ಡ್ರೋನ್ ಕೊಡಿಸಿದವರು ಗಮನಿಸಿ: ರಾಷ್ಟ್ರೀಯ ಉದ್ಯಾನಗಳಲ್ಲಿ ಹಾರಿಸಿದರೆ ಆರು ತಿಂಗಳವರೆಗೆ ಜೈಲು, 5,000 ಡಾಲರ್‌ವರೆಗೆ ದಂಡ ಇದೆ. ಯೊಸೆಮಿಟಿ ಈಸ್ಟರ್ನ್ ಡಿಸ್ಟ್ರಿಕ್ಟಿಗೆ ಸೇರಿದ್ದು, ಉದ್ಯಾನದೊಳಗೇ ಕೋರ್ಟು ಇದೆ.

ಕೋರ್ಟಿಗೆ ಹೋಗುವಾಗ

ಫೋಟೊ ಇರುವ ಗುರುತಿನ ಚೀಟಿ ಒಯ್ಯಿರಿ, ತಪಾಸಣೆಗೆ ಸಮಯ ಇಟ್ಟುಕೊಳ್ಳಿ. ಫೋಟೊ, ರೆಕಾರ್ಡಿಂಗ್ ನಿಷಿದ್ಧ. ಜೂಮ್‌ನಲ್ಲಿ ನೋಡುವಾಗಲೂ ಅದೇ ನಿಯಮ. ವಿಚಾರಣೆ ಸಾರ್ವಜನಿಕವಾದ್ದರಿಂದ ಹೈಸ್ಕೂಲ್ ಮಕ್ಕಳನ್ನು ಕರೆದುಕೊಂಡು ಹೋಗಿ ಹಿಂದಿನ ಬೆಂಚಿನಲ್ಲಿ ಕೂರಬಹುದು. ರಕ್ತಪರೀಕ್ಷೆಯ ಕಂಪನಿ ಥೆರಾನೋಸ್‌ನ ಎಲಿಜಬೆತ್ ಹೋಮ್ಸ್ ವಿಚಾರಣೆ ನಡೆದದ್ದು ಸಾನ್ ಹೊಸೆಯ ಕಟ್ಟಡದಲ್ಲಿ. ವಕೀಲರಿಲ್ಲದವರಿಗೆ ಉಚಿತ ಸಲಹಾ ಕೇಂದ್ರಗಳಿವೆ. ಫೋನ್ ಮಾಡಿ ಸಮಯ ಗೊತ್ತುಮಾಡಿಕೊಂಡೇ ಹೋಗಿ. ಕೇಸಿನ ಕಡತವನ್ನು ಫೆಡರಲ್ ಕೋರ್ಟುಗಳ ಆನ್‌ಲೈನ್ ವ್ಯವಸ್ಥೆಯಾದ ಪೇಸರ್‌ನಲ್ಲಿ ಪುಟಕ್ಕೆ 10 ಸೆಂಟಿನಂತೆ ಓದಬಹುದು, ಒಂದು ದಾಖಲೆಗೆ ಗರಿಷ್ಠ 3 ಡಾಲರ್. ಮೂರು ತಿಂಗಳ ಲೆಕ್ಕ 30 ಡಾಲರ್ ದಾಟದಿದ್ದರೆ ಏನೂ ಕಟ್ಟಬೇಕಿಲ್ಲ.

ಕ್ರಿಮಿನಲ್ ಕೇಸಿನಲ್ಲಿ, ಸರ್ಕಾರವೇ ಹೂಡಿದ ಕೇಸಿನಲ್ಲಿ ಕೋರ್ಟೇ ದುಭಾಷಿಯನ್ನು ಒದಗಿಸುತ್ತದೆ. ಊರಿಂದ ಬಂದ ಅಪ್ಪ ಅಮ್ಮನನ್ನು ಭಾಷೆ ಯಾವುದೆಂದು ಕೇಳಿದರೆ ‘ಕನ್ನಡ’ ಎಂದೇ ಹೇಳಲಿ. ಹಿಂದಿಯೂ ಸ್ವಲ್ಪ ಬರುತ್ತದೆ ಎಂದರೆ ಹಿಂದಿಯವರನ್ನೇ ಕರೆಸುತ್ತಾರೆ, ಅರೆಬರೆ ಅರ್ಥವಾದ ಪ್ರಶ್ನೆಗೆ ಕೊಟ್ಟ ಉತ್ತರ ದಾಖಲಾಗಿಬಿಡುತ್ತದೆ. ಖಾಸಗಿಯವರ ನಡುವಿನ ಸಿವಿಲ್ ಕೇಸಿನಲ್ಲಿ ದುಭಾಷಿಯ ಖರ್ಚು ನಿಮ್ಮದೇ. ಕನ್ನಡದಲ್ಲಿರುವ ಪಹಣಿ, ಜನನ ಪ್ರಮಾಣಪತ್ರ, ಕ್ರಯಪತ್ರಗಳಿಗೆ ಪೂರ್ಣ ಇಂಗ್ಲಿಷ್ ಅನುವಾದವನ್ನೂ, ಅನುವಾದಕರು ಸಹಿ ಮಾಡಿದ ದೃಢೀಕರಣವನ್ನೂ ಸೇರಿಸಿ. ಮುದ್ರೆ, ಅಂಚಿನ ಷರಾ, ತಹಶೀಲ್ದಾರರ ಕೈಬರಹವನ್ನೂ ಬಿಡದೆ ಅನುವಾದಿಸಬೇಕು.